ಪಡುಗಡಲ ತಳದ ಬೆತ್ತಲೆ ಕಲ್ಲು

ಮಟ್ಟುವಿನ ದಂಡೆಯಲ್ಲಿ ಕಡಲಿಗೆ ಮುಖಮಾಡಿ ನಿಂತಿದ್ದೀರಿ. ಕಟಪಾಡಿಯಿಂದ ಗುಳ್ಳದ ಗದ್ದೆಗಳನ್ನು ಬಳಸಿ, ಸೇತುವೆ ದಾಟಿ ಬಂದದ್ದಾಯಿತು. ಬೆನ್ನ ಹಿಂದೆ ತೆಂಗಿನ ಸಾಲು, ಅದರಾಚೆಗೆ ಹೊಳೆ. ಹೊಳೆಗೂ ಕಡಲಿಗೂ ನಡುವೆ ಉಳಿದಿರುವುದು ಕಿರಿದಾದ ಒಂದು ಪಟ್ಟಿ ನೆಲ. ತೆಂಕಕ್ಕೆ ಕಾಪು, ಬಡಗಕ್ಕೆ ಮಲ್ಪೆ. ಬಗ್ಗಿ ಒಂದು ಹಿಡಿ ಮರಳು ತೆಗೆದುಕೊಳ್ಳಿ. ಬೆರಳ ಸಂದಿಯಿಂದ ಜಾರುವ ಬೆಳ್ಳಗಿನ ಕಾಳುಗಳು ಬೆಣಚುಕಲ್ಲಿನವು. ಘಟ್ಟದ ಬಂಡೆ ಮಳೆಗೆ ಸವೆದು, ಹೊಳೆಯಲ್ಲಿ ಉರುಳಿ ಇಲ್ಲಿಗೆ ಬಂದದ್ದು ಇದು. 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ಕಡೆದದ್ದು ಖಂಡದ ಇಂಥ ಹಳೆಯ ಶಿಲೆಯಲ್ಲೇ. 1901ರಲ್ಲಿ ಕಾಪುವಿನ ದೀಪಸ್ತಂಭ ಕಟ್ಟಿದ್ದೂ ಅಂಥ ಹೆಬ್ಬಂಡೆಯ ನೆತ್ತಿಯ ಮೇಲೆ. ಸಿಲಿಕಾ ತುಂಬಿದ, ಕಡಲ ತಳದ ಕಲ್ಲಿಗಿಂತ ಹಗುರವಾದ, ಕೋಟಿಗಳನ್ನು ನೂರರ ಲೆಕ್ಕದಲ್ಲಿ ಎಣಿಸಬೇಕಾದಷ್ಟು ವಯಸ್ಸಿನ ಕಲ್ಲು.

ಈಗ ನೈಋತ್ಯಕ್ಕೆ ಒಂದು ಗೆರೆ ಎಳೆಯಿರಿ. ನೀರಿನ ಮೇಲೆ ಸುಮಾರು 1,500 ಕಿಲೋಮೀಟರ್ ಹೋದರೆ ಆ ಗೆರೆ ಕಾರ್ಲ್ಸ್‌ಬರ್ಗ್ ಏಣನ್ನು ಮುಟ್ಟುತ್ತದೆ. ಅರಬ್ಬೀ ಸಮುದ್ರದ ತಳದಲ್ಲಿ ವಾಯವ್ಯದಿಂದ ಆಗ್ನೇಯಕ್ಕೆ ಚಾಚಿರುವ ಪರ್ವತಸಾಲು ಅದು. 1928ರಿಂದ 1930ರವರೆಗೆ ಸಾಗರಯಾನ ಮಾಡಿದ ಡೆನ್ಮಾರ್ಕಿನ ‘ಡಾನಾ’ ಹಡಗಿಗೆ ಹಣ ಕೊಟ್ಟದ್ದು ಕಾರ್ಲ್ಸ್‌ಬರ್ಗ್ ಪ್ರತಿಷ್ಠಾನ. ಹೆಸರು ಅಲ್ಲಿಂದ ಬಂತು. ನಮ್ಮ ಕಡಲಿನ ನೆಲ ಹುಟ್ಟುವುದು ಆ ಸಾಲಿನ ನಡುವಿನ ಸೀಳಿನಲ್ಲಿ. ಅಲ್ಲಿಗೇ ಹೋಗುವುದು, ಆದರೆ ಒಂದು ಕಡೆ ನಿಂತು ಹೋಗಬೇಕು.

ಮಲ್ಪೆಯ ಬೋಟಿನಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ಇಳಿಯಿರಿ. ಊರವರಿಗೆ ಇದು ತೋನ್ಸೆಪಾರ್. ಎದುರಿಗೆ ಐದು, ಆರು, ಏಳು ಮೂಲೆಯ ಕಂಬಗಳು ಒಂದಕ್ಕೊಂದು ಒತ್ತಿ ನಿಂತಿವೆ. ಕೆಲವು ಆಳೆತ್ತರ ಮೀರಿವೆ, ಕೆಲವು ಅಲೆ ಹೊಡೆದು ಮೊಣಕಾಲೆತ್ತರಕ್ಕೆ ಮುರಿದು ಮೆಟ್ಟಿಲಾಗಿವೆ. ಒಂದರ ಮಗ್ಗುಲಿಗೆ ಅಂಗೈ ಇಡಿ. ಉಪ್ಪು ಹತ್ತಿದ ಒರಟು ಮೈ, ಕಣ್ಣಿಗೆ ಬಿಡಿ ಹರಳು ಕಾಣದಷ್ಟು ನುಣುಪಾದ ಕಣ. ಬಿಸಿ ಲಾವಾ ಆರುತ್ತ ಕುಗ್ಗುವಾಗ ಬಿರುಕುಗಳು ಮೇಲಿನಿಂದ ಒಳಕ್ಕೂ ಕೆಳಗಿನಿಂದ ಒಳಕ್ಕೂ ಸಾಗಿ ಈ ಕಂಬಗಳನ್ನು ಕೊಯ್ದವು. ಇದನ್ನು ಬಸಾಲ್ಟ್ ಎಂದು ಬರೆಯುವವರು ಬಹಳ ಮಂದಿ. ಬಸಾಲ್ಟ್ ಅಲ್ಲ, ಸಿಲಿಕಾ ಹೆಚ್ಚಿರುವ ರಯೊಲೈಟ್ ಬಳಗದ ಕಲ್ಲು. ಈ ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಯಾಕೆಂದರೆ ಖಂಡದ ಚಿಪ್ಪು ಕಾದು ಕರಗಿದಾಗ ಮೂಡುವ ಲಾವಾ ಇಂಥದು; ಕಡಲ ತಳ ಹುಟ್ಟಿಸುವ ಲಾವಾ ಬೇರೆ. ಈ ಕಂಬಗಳ ವಯಸ್ಸು ಬೇರೆ ಬೇರೆ ವಿಧಾನದ ಅಳತೆಗಳಲ್ಲಿ ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳ ಆಸುಪಾಸು ಬರುತ್ತದೆ. ಮಡಗಾಸ್ಕರಿನಲ್ಲಿ ಅದೇ ಕಾಲದ ಜ್ವಾಲಾಮುಖಿ ಶಿಲೆಗಳು ಹಾಸಿಕೊಂಡಿವೆ. ಈ ಲಾವಾ ಆರುವ ಹೊತ್ತಿಗೆ ಇಲ್ಲಿ ಕಡಲಿರಲಿಲ್ಲ. ಪಡುವಣಕ್ಕೆ ಮಡಗಾಸ್ಕರ್ ಅಂಟಿಕೊಂಡಿತ್ತು, ಆಗ ತಾನೇ ಕಿತ್ತುಕೊಳ್ಳಲು ತೊಡಗಿತ್ತು.

ಕಿತ್ತುಕೊಂಡ ಜಾಗದಲ್ಲಿ ಈಗ ಇಳಿಯುತ್ತಿದ್ದೀರಿ.

ಮೊದಲ ನೂರು ಮೀಟರ್ ನಮಗೆ ಗೊತ್ತಿರುವ ಕಡಲು: ಬೂತಾಯಿ, ಬಂಗುಡೆ, ಮಲ್ಪೆಯ ಬೋಟುಗಳ ಬಲೆ. ದಂಡೆಯಿಂದ ನೂರು ಕಿಲೋಮೀಟರಿನ ಆಸುಪಾಸು ಖಂಡದ ಅಂಚು ಮುಗಿದು ತಳ ಜಾರುತ್ತದೆ. ಬೆಳಕು ನೀಲಿಯಾಗಿ, ಕಪ್ಪಾಗಿ, ಇಲ್ಲವಾಗುತ್ತದೆ. ನೂರೈವತ್ತು ಮೀಟರಿನಿಂದ ಸುಮಾರು ಸಾವಿರ ಮೀಟರಿನವರೆಗಿನ ನೀರಿನಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಜಗತ್ತಿನಲ್ಲಿ ಇಂಥ ದಪ್ಪ ಪದರ ಇರುವ ಕೆಲವೇ ಸಾಗರಗಳಲ್ಲಿ ಅರಬ್ಬೀ ಸಮುದ್ರವೂ ಒಂದು. ಬಲಕ್ಕೂ ಎಡಕ್ಕೂ ಲಕ್ಷದ್ವೀಪದ ದಿಬ್ಬ ಎದ್ದು ಹಿಂದೆ ಸರಿಯುತ್ತದೆ. ನಾಲ್ಕು ಸಾವಿರ ಮೀಟರ್ ಆಳದಲ್ಲಿ ತಳ ಚಪ್ಪಟೆಯಾಗುತ್ತದೆ. ಕಾಲಡಿಯ ಕೆಸರು ಸಿಂಧೂ ನದಿಯದು. ಹಿಮಾಲಯ ಸವೆದ ಹೂಳು ಇಷ್ಟು ತೆಂಕಕ್ಕೆ ಹರಡಿ, ಅಡಿಯ ಬೆಟ್ಟಗುಡ್ಡಗಳನ್ನೆಲ್ಲ ಮುಚ್ಚಿ ಮಟ್ಟಸ ಮಾಡಿದೆ.

ಗಂಟೆಗಟ್ಟಲೆ ಅದೇ ಬಯಲು. ಆಮೇಲೆ ನಿಧಾನವಾಗಿ ತಳ ಏರತೊಡಗುತ್ತದೆ, ಕೆಸರು ತೆಳುವಾಗುತ್ತದೆ. ಮುಂದೆ ಹೋದಷ್ಟೂ ನೆಲ ಎಳೆಯದು, ಬಿಸಿ ಇನ್ನೂ ಪೂರ್ತಿ ಆರದ್ದು, ಹಾಗಾಗಿ ಎತ್ತರದ್ದು. ಹೂಳು ಬೀಳಲೂ ಅದಕ್ಕೆ ಹೆಚ್ಚು ಕಾಲ ಸಿಕ್ಕಿಲ್ಲ. ಕೆಸರಿನ ಹೊದಿಕೆಯಿಂದ ಮೊದಲ ಕಪ್ಪು ಬಂಡೆಗಳು ತಲೆ ಹೊರಹಾಕುತ್ತವೆ. ಏಣಿನ ಇಳಿಜಾರಿಗೆ ಬಂದಿದ್ದೀರಿ.

ನಿಮ್ಮ ತಲೆಯ ಮೇಲಿನ ಈ ನೀರಿನಲ್ಲೇ 1962ರಲ್ಲಿ ಎಚ್‌ಎಂಎಸ್ ಓವನ್ ಎಂಬ ಬ್ರಿಟಿಷ್ ಹಡಗು ಹಿಂದೆ ಮುಂದೆ ಓಡಾಡಿತು. ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಶೋಧಯಾತ್ರೆಯ ಕಾಲ ಅದು. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ 1966ರಲ್ಲಿ ಹುಟ್ಟಿದ್ದೂ ಆ ಯಾತ್ರೆಯ ಫಲವಾಗಿಯೇ. ಓವನ್ ಹಡಗಿನಲ್ಲಿ ಕೇಂಬ್ರಿಜ್ಜಿನ ಡ್ರಮಂಡ್ ಮ್ಯಾಥ್ಯೂಸ್ ಇದ್ದರು. ಏಣಿನ ಒಂದು ತುಂಡಿನ ಮೇಲೆ ಅಯಸ್ಕಾಂತದ ಬಲವನ್ನು ಅಳೆದು ತಂದರು. ಅವರ ವಿದ್ಯಾರ್ಥಿ ಫ್ರೆಡ್ ವೈನ್ ಆ ಅಂಕಿಗಳ ಮುಂದೆ ಕುಳಿತರು. ತಳದ ಶಿಲೆಯಲ್ಲಿ ಒಂದು ಕಡೆ ಇಂದಿನ ಭೂಕಾಂತ ದಿಕ್ಕು ಹೆಪ್ಪುಗಟ್ಟಿದೆ, ಇನ್ನೊಂದು ಕಡೆ ಅದರ ತಲೆಕೆಳಗು. ಏಣಿನ ನಡುವೆ ಹೊಸ ನೆಲ ಹುಟ್ಟಿ ಎರಡೂ ಮಗ್ಗುಲಿಗೆ ಸರಿಯುತ್ತಿದ್ದರೆ, ಭೂಮಿಯ ಕಾಂತಕ್ಷೇತ್ರ ಆಗಾಗ ತಿರುಗಿದ್ದರೆ, ಹೀಗೇ ಪಟ್ಟೆಗಳು ಮೂಡಬೇಕು. 1963ರ ಸೆಪ್ಟೆಂಬರಿನಲ್ಲಿ ‘ನೇಚರ್’ ಪತ್ರಿಕೆ ಅದನ್ನು ಅಚ್ಚುಮಾಡಿತು. ಸಾಗರತಳ ಹರಡುತ್ತದೆ, ಖಂಡಗಳು ಸರಿಯುತ್ತವೆ ಎಂಬುದು ನಂಬಿಕೆಯ ಮಾತಿನಿಂದ ಅಳತೆಯ ಮಾತಾದದ್ದು ನಮ್ಮ ಪಡುಗಡಲಿನ ಅಂಕಿಗಳಿಂದ. ನಮ್ಮ ಶಾಲೆಯ ಪಾಠಗಳಲ್ಲಿ ಇದು ಸಿಗಬೇಕಾದಷ್ಟು ಜಾಗ ಪಡೆದಿಲ್ಲ ಎಂಬುದು ನನ್ನ ಬಲವಾದ ಅಭಿಪ್ರಾಯ.

ಈ ಏಣು ವರ್ಷಕ್ಕೆ ಎರಡರಿಂದ ಮೂರು ಸೆಂಟಿಮೀಟರ್ ಮಾತ್ರ ಅಗಲವಾಗುತ್ತದೆ. ಓವನ್ ಹಡಗು ಅಳೆದುಹೋದ ಮೇಲೆ ಇದರ ಎರಡು ಮಗ್ಗುಲು ಒಂದೂವರೆ ಮೀಟರಿನಷ್ಟು ದೂರವಾಗಿವೆ. ಪೆಸಿಫಿಕ್‌ನ ಪೂರ್ವ ಏಣು ಇದರ ನಾಲ್ಕೈದು ಪಟ್ಟು ವೇಗದಲ್ಲಿ ಬಿಡಿಸಿಕೊಳ್ಳುತ್ತದೆ. ನಿಧಾನಗತಿಯ ಏಣುಗಳ ಸ್ವಭಾವವೇ ಬೇರೆ. ಅದನ್ನು ನೋಡಲು ಅಂಚು ದಾಟಿ ಕಣಿವೆಗೆ ಇಳಿಯಬೇಕು.

ಇಳಿಯಿರಿ. ಎರಡೂ ಕಡೆ ಗೋಡೆಗಳು ನೂರಾರು ಮೀಟರ್ ಏರುತ್ತವೆ, ಮೆಟ್ಟಿಲು ಮೆಟ್ಟಿಲಾಗಿ ಕುಸಿದಿವೆ. ಮೂರೂವರೆ ಸಾವಿರ ಮೀಟರಿಗೂ ಮಿಕ್ಕಿದ ಆಳ. ಮೈಮೇಲೆ ಮುನ್ನೂರೈವತ್ತು ವಾತಾವರಣಗಳ ಭಾರ, ಸುತ್ತ ಎರಡು ಡಿಗ್ರಿಯ ತಣ್ಣನೆ ನೀರು. ದೀಪ ಹಾಯಿಸಿದರೆ ಕಣಿವೆಯ ನಡುವೆ ದಿಂಬು ಲಾವಾ ರಾಶಿಬಿದ್ದಿದೆ. ಸುಮಾರು 1,200 ಡಿಗ್ರಿಯಲ್ಲಿ ಹೊರಬಂದ ಬಸಾಲ್ಟ್ ಈ ನೀರು ತಾಗಿದ್ದೇ ತಡ ಹೊರಮೈ ಗಾಜಾಗುತ್ತದೆ. ಒಳಗಿನ ಒತ್ತಡಕ್ಕೆ ಗಾಜು ಬಿರಿದು ಇನ್ನೊಂದು ದಿಂಬು ಉಬ್ಬುತ್ತದೆ. ಒಂದು ಚೂರು ಮುರಿದು ದೀಪಕ್ಕೆ ಹಿಡಿಯಿರಿ. ಅಂಚು ಕರ್ರಗೆ ಥಳಥಳಿಸುತ್ತದೆ, ಬೆರಳು ಕೊಯ್ಯುವಷ್ಟು ಹರಿತ. ಆ ಬೆರಳಗಲದ ಗಾಜಿಗೋಸ್ಕರವೇ ಗೋವಾದ ಸಂಶೋಧಕರು ಸಾವಿರಾರು ಮೀಟರ್ ಹಗ್ಗ ಇಳಿಬಿಟ್ಟು ಕಬ್ಬಿಣದ ಬುಟ್ಟಿಯಲ್ಲಿ ಕಲ್ಲು ಬಾಚುತ್ತಾರೆ. ಹರಳಾಗಲು ಸಮಯವೇ ಸಿಗದೆ ಆರಿದ್ದರಿಂದ ಕರಗಿದ ಕಲ್ಲಿನ ಪಾಕ ಅದರಲ್ಲಿ ಇದ್ದಂತೆಯೇ ಉಳಿದಿದೆ.

ಕಣಿವೆಯ ಉದ್ದಕ್ಕೆ ನಡೆಯಿರಿ. ಹತ್ತಾರು ಕಿಲೋಮೀಟರುಗಳಲ್ಲಿ ದಿಂಬುಗಳು ವಿರಳವಾಗುತ್ತವೆ, ಆಮೇಲೆ ನಿಲ್ಲುತ್ತವೆ. ಇಂಥ ಏಣಿನಲ್ಲಿ ಹೀಗೊಂದು ತಾವು ಸಿಕ್ಕೇ ಸಿಗುತ್ತದೆ. ಎದುರಿಗೆ ಒಂದು ಗುಮ್ಮಟದಂಥ ಗುಡ್ಡ. ಅದರ ಮೈಮೇಲೆ ನೆಲ ಸರಿದ ದಿಕ್ಕಿಗೇ ಉದ್ದನೆಯ ಗೀರುಗಳು, ಏರುತಗ್ಗಿನ ಸಾಲುಗಳು. ಇದು ಜ್ವಾಲಾಮುಖಿಯ ಗುಡ್ಡವಲ್ಲ. ಲಾವಾ ಸಾಲದೆ ಹೋದಲ್ಲಿ ಏಣಿನ ಎರಡು ಮಗ್ಗುಲಿನ ಭೂಫಲಕಗಳು ಬೇರಾಗಲು ಇನ್ನೊಂದು ದಾರಿ ಹಿಡಿಯುತ್ತವೆ: ಒಂದು ದೊಡ್ಡ ಸ್ತರಭಂಗ, ಅಂದರೆ ನೆಲ ಸೀಳಿ ಜಾರುವ ಬಿರುಕು, ಹತ್ತಾರು ಲಕ್ಷ ವರ್ಷ ಜಾರುತ್ತಲೇ ಇದ್ದು, ಆಳದಲ್ಲಿದ್ದ ಕಲ್ಲನ್ನು ಹೊರಕ್ಕೆ ಎಳೆದುಹಾಕುತ್ತದೆ. ಗೀರುಗಳು ಆ ಎಳೆದಾಟದವು.

ಗುಡ್ಡದ ಕಲ್ಲು ಮುಟ್ಟಿ ನೋಡಿ. ನುಣ್ಣಗೆ ಜಾರುತ್ತದೆ. ಹೊರಗೆ ತುಕ್ಕಿನ ಬಣ್ಣ, ಮುರಿದರೆ ಕಡುಹಸಿರು, ಹೆಚ್ಚುಕಡಿಮೆ ಕಪ್ಪು. ಹಸಿರಿನ ನಡುವೆ ಉಗುರಗಲದ ಹಾಳೆಗಳು ಕಂಚಿನಂತೆ ಮಿನುಗುತ್ತವೆ. ಒಂದು ಕಾಲಕ್ಕೆ ಪೈರಾಕ್ಸೀನ್ ಹರಳುಗಳಾಗಿದ್ದವು ಇವು. ಅಲ್ಲಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ, ಸ್ಪಿನೆಲ್ ಖನಿಜ. ನೀವು ಮುಟ್ಟಿರುವುದು ಮ್ಯಾಂಟಲ್. ಹೊರಚಿಪ್ಪಿನ ಕೆಳಗೆ ಇರಬೇಕಾದ ಪೆರಿಡೊಟೈಟ್ ಶಿಲೆ ಇಲ್ಲಿ ಚಿಪ್ಪೇ ಇಲ್ಲದೆ ಕಡಲ ನೀರಿಗೆ ಮೈಯೊಡ್ಡಿ ಕುಳಿತಿದೆ.

ನೀರು ಅದನ್ನು ಸುಮ್ಮನೆ ಬಿಟ್ಟಿಲ್ಲ. ಬಿರುಕಿನೊಳಕ್ಕೆ ಇಳಿದ ನೀರು ಆಲಿವೀನ್ ಖನಿಜವನ್ನು ಸರ್ಪೆಂಟೈನ್ ಆಗಿ ಮಾರ್ಪಡಿಸುತ್ತದೆ. ಕಲ್ಲು ಉಬ್ಬುತ್ತದೆ, ಹಗುರವಾಗುತ್ತದೆ, ಮೆತ್ತಗಾಗುತ್ತದೆ. ಆಲಿವೀನಿನ ಕಬ್ಬಿಣ ಮ್ಯಾಗ್ನೆಟೈಟ್ ಆಗುವಾಗ ನೀರಿನಿಂದ ಜಲಜನಕ ಬಿಡುಗಡೆಯಾಗುತ್ತದೆ. ಬಿಸಿಲು ಕಾಣದ ಸೂಕ್ಷ್ಮಜೀವಿಗಳಿಗೆ ಅದೇ ಆಹಾರ. ಹೊಸದಾಗಿ ಹುಟ್ಟಿದ ಮ್ಯಾಗ್ನೆಟೈಟ್ ತಾನೂ ಕಾಂತದ ಗುರುತು ಹೊರುವುದರಿಂದ, ವೈನ್ ಮತ್ತು ಮ್ಯಾಥ್ಯೂಸ್ ಓದಿದ ಪಟ್ಟೆಗಳು ಇಂಥ ತಾವಿನಲ್ಲಿ ಮಸುಕಾಗುತ್ತವೆ. ನೀರು ಕುಡಿದ ಇಂಥ ಕಲ್ಲಿನ ನೆಂಟರು ಕನ್ನಡ ನಾಡಿನ ಒಳಗೂ ಇದ್ದಾರೆ. ಹಾಸನ ಜಿಲ್ಲೆಯ ಬೈರಾಪುರದಲ್ಲಿ ಕ್ರೋಮೈಟ್ ಅಗೆದದ್ದು ಸರ್ಪೆಂಟೈನ್ ಆದ ಬಹುಪ್ರಾಚೀನ ಶಿಲೆಗಳ ಒಡಲಿನಿಂದ. ಹೊಯ್ಸಳ ಶಿಲ್ಪಿಗಳ ಉಳಿಗೆ ಒಲಿದ ಬಳಪದ ಕಲ್ಲಿನ ಮೆದುತನಕ್ಕೂ ಮೆಗ್ನೀಷಿಯಂ ತುಂಬಿದ ಶಿಲೆ ನೀರಿನೊಡನೆ ಬೆರೆತದ್ದೇ ಕಾರಣ.

ಇನ್ನು ಕೆಳಗೆ. ಕಣಿವೆಯ ತಳದಿಂದ ಅರವತ್ತು ಕಿಲೋಮೀಟರ್ ಆಳದಲ್ಲಿ ಒಂದು ತುಂಡು ಮ್ಯಾಂಟಲಿನ ಒಳಗೆ ಕುಳಿತಿದ್ದೀರಿ ಎಂದುಕೊಳ್ಳಿ. ಸುತ್ತ 1,300 ಡಿಗ್ರಿಗೂ ಹೆಚ್ಚು ಬಿಸಿ, ಆದರೂ ಎಲ್ಲವೂ ಗಟ್ಟಿ ಕಲ್ಲು. ಅರ್ಧಕ್ಕಿಂತ ಹೆಚ್ಚು ಹಸಿರು ಆಲಿವೀನ್, ಉಳಿದದ್ದು ಎರಡು ಬಗೆಯ ಪೈರಾಕ್ಸೀನ್, ಚೂರು ಸ್ಪಿನೆಲ್. ಮೇಲಿನ ಭಾರ ಕರಗಲು ಬಿಡುತ್ತಿಲ್ಲ. ಮೇಲೆ ಫಲಕಗಳು ಬೇರಾದಷ್ಟೂ ಈ ತುಂಡು ಏರುತ್ತದೆ, ವರ್ಷಕ್ಕೆ ಒಂದು ಸೆಂಟಿಮೀಟರಿನ ಆಸುಪಾಸು. ಈ ನಡಿಗೆಯಲ್ಲಿ ಮೇಲೆ ಮುಟ್ಟಲು ಸುಮಾರು ಐವತ್ತು ಅರವತ್ತು ಲಕ್ಷ ವರ್ಷ ಬೇಕು. ಏರಿದಂತೆ ಭಾರ ಇಳಿಯುತ್ತದೆ. ಹೊಸದಾಗಿ ಯಾರೂ ಬೆಂಕಿ ಹಾಕದೆಯೇ, ಭಾರ ಇಳಿದ ಮಾತ್ರಕ್ಕೆ ಕಲ್ಲು ಬೆವರತೊಡಗುತ್ತದೆ. ಹರಳು ಹರಳು ಕೂಡುವ ಮೂಲೆಗಳಲ್ಲಿ ಮೊದಲ ಹನಿಗಳು, ಹನಿಗಳು ಸೇರಿ ಎಳೆಗಳು. ಸುಲಭಕ್ಕೆ ಕರಗುವ ಖನಿಜಗಳು ಮೊದಲು ಹೋಗುತ್ತವೆ. ನಮ್ಮ ಮನೆಗಳಲ್ಲಿ ಕಾಯಿತುರಿ ಹಿಂಡಿದಂತೆಯೇ ಇದು: ಮೊದಲ ಹಾಲು ದಪ್ಪ, ಎರಡನೆಯದು ತೆಳು, ಕೊನೆಗೆ ಉಳಿಯುವುದು ಚರಟ. ಕರಗಿದ ಹಾಲು ಮೇಲೇರಿ, ಆಳದಲ್ಲೇ ಆರಿದರೆ ಗ್ಯಾಬ್ರೊ, ಹೊರಬಂದು ಆರಿದರೆ ಬಸಾಲ್ಟ್ ಆಗಿ ಕಡಲ ಚಿಪ್ಪಾಗುತ್ತದೆ. ಹಿಂಡಿಸಿಕೊಂಡು ಉಳಿದ ಚರಟವೇ ನೀವು ಗುಡ್ಡದ ಮೇಲೆ ಮುಟ್ಟಿದ ಪೆರಿಡೊಟೈಟ್.

ವೇಗದ ಏಣಿನ ಕೆಳಗಾದರೆ ಈ ತುಂಡು ಬಿಸಿ ಕಳೆದುಕೊಳ್ಳುವ ಮೊದಲೇ ಮೇಲೆ ಬರುತ್ತಿತ್ತು, ಮೇಲಿನವರೆಗೂ ಕರಗುತ್ತಿತ್ತು, ಆರೇಳು ಕಿಲೋಮೀಟರ್ ದಪ್ಪದ ಚಿಪ್ಪು ಎಲ್ಲೆಡೆ ಒಂದೇ ಸಮ ಹಾಸುತ್ತಿತ್ತು. ಇಲ್ಲಿ ನಡಿಗೆ ನಿಧಾನ, ಬಿಸಿ ಕಡಲಿಗೆ ಸೋರಿಹೋಗುತ್ತದೆ. ತಣ್ಣಗಾದ ಗಟ್ಟಿ ಮುಚ್ಚಳ ದಪ್ಪಗಿದ್ದು, ತುಂಡು ಅದಕ್ಕೆ ತಾಗಿದ ಕೂಡಲೇ ಕರಗುವುದು ನಿಲ್ಲುತ್ತದೆ. ಸಿಕ್ಕಿದ ಅಲ್ಪಸ್ವಲ್ಪ ಪಾಕವೂ ಏಣಿನ ಕೆಲವು ತಾವುಗಳಿಗೇ ಹರಿದು ಸೇರುತ್ತದೆ. ನಡುವಿನ ಜಾಗಗಳು ಬರಿದಾಗಿ ಉಳಿಯುತ್ತವೆ. ನೀವು ನಡೆದು ನೋಡಿದ್ದು ಅದನ್ನೇ. ಎಷ್ಟು ಹಿಂಡಿದೆ ಎಂಬುದಕ್ಕೆ ಎರಡೂ ಕಡೆ ಸಾಕ್ಷಿ ಇದೆ: ಕಡಿಮೆ ಕರಗಿದ್ದರೆ ಬಸಾಲ್ಟ್ ಗಾಜಿನಲ್ಲಿ ಸೋಡಿಯಂ ಹೆಚ್ಚು, ಹೆಚ್ಚು ಕರಗಿದ್ದರೆ ಚರಟದ ಸ್ಪಿನೆಲ್‌ನಲ್ಲಿ ಕ್ರೋಮಿಯಂ ಹೆಚ್ಚು. ಭೂವಿಜ್ಞಾನಿಗಳಾದ ಎಮಿಲಿ ಕ್ಲೈನ್ ಮತ್ತು ಚಾರ್ಲ್ಸ್ ಲ್ಯಾಂಗ್‌ಮ್ಯೂರ್ 1987ರಲ್ಲಿ ಜಗತ್ತಿನ ಏಣುಗಳ ಸೋಡಿಯಂ, ಆಳ, ಚಿಪ್ಪಿನ ದಪ್ಪ ಮೂರನ್ನೂ ಜೋಡಿಸಿ ತೋರಿಸಿದರು.

ಕಡಲ ಚಿಪ್ಪು ಎಂದರೆ ಮೇಲೆ ಬಸಾಲ್ಟ್, ಕೆಳಗೆ ಗ್ಯಾಬ್ರೊ, ಆಮೇಲೆ ಮ್ಯಾಂಟಲ್ ಎಂಬ ಅಚ್ಚುಕಟ್ಟಾದ ಚಿತ್ರ ಇಂಥ ಕಡೆ ಸಲ್ಲುವುದಿಲ್ಲ. ಭೂವಿಜ್ಞಾನಿ ಹ್ಯಾರಿ ಹೆಸ್ 1962ರಲ್ಲಿ ಚಿಪ್ಪಿನ ಕೆಳಭಾಗವೆಲ್ಲ ಸರ್ಪೆಂಟೈನ್ ಆದ ಮ್ಯಾಂಟಲ್ ಎಂದು ಬರೆದಾಗ ಅದು ಅತಿಯಾಯಿತು. ಆದರೆ ನಿಧಾನದ ಏಣುಗಳ ಮಟ್ಟಿಗೆ ಅವರ ಮಾತಿನಲ್ಲಿ ಹುರುಳಿತ್ತು. ಹಿಂದೂ ಮಹಾಸಾಗರದ ನೈಋತ್ಯ ಏಣಿನ ಅಟ್ಲಾಂಟಿಸ್ ಬ್ಯಾಂಕ್‌ನಲ್ಲಿ 1987 ಮತ್ತು 1997ರಲ್ಲಿ ಕೊರೆದ ಬಾವಿ 1,508 ಮೀಟರ್ ಇಳಿದರೂ ಗ್ಯಾಬ್ರೊವೇ ಸಿಕ್ಕಿತು. 2023ರಲ್ಲಿ ಅಟ್ಲಾಂಟಿಕ್‌ನ ಅಟ್ಲಾಂಟಿಸ್ ಮಾಸಿಫ್ ಗುಡ್ಡದಲ್ಲಿ ‘ಜಾಯ್ಡಿಸ್ ರೆಸಲ್ಯೂಷನ್’ ಹಡಗು 1,268 ಮೀಟರ್ ಕೊರೆದಾಗ ಬಹುಪಾಲು ಮ್ಯಾಂಟಲ್ ಕಲ್ಲೇ ಬಂತು. ಒಂದೇ ಬಗೆಯ ಗುಡ್ಡ, ಒಳಗಿನ ಕಲ್ಲು ಬೇರೆ ಬೇರೆ.

ಆ ಅರವತ್ತು ಕಿಲೋಮೀಟರ್ ಆಳದ ತುಂಡಿಗೆ ಮತ್ತೆ ಬನ್ನಿ. ಅದು ಎಲ್ಲ ಕಡೆ ಒಂದೇ ಹದದ್ದಲ್ಲ. ಹಿಂದೆಂದೋ ಹಿಂಡಿಸಿಕೊಂಡ ತುಣುಕುಗಳಿವೆ. ಅವು ಎಷ್ಟು ಬಿಸಿಯಾದರೂ ಹೆಚ್ಚು ಪಾಕ ಕೊಡುವುದಿಲ್ಲ. ಬೇಗ ಕರಗುವ ಪೈರಾಕ್ಸೀನ್ ಪಟ್ಟಿಗಳಿವೆ. ಅಲ್ಲದೆ ಹಿಂದೂ ಮಹಾಸಾಗರದ ಮ್ಯಾಂಟಲಿಗೆ ತನ್ನದೇ ಒಂದು ಗುರುತಿದೆ. 1983ರಲ್ಲಿ ಬರ್ನಾರ್ ಡ್ಯೂಪ್ರೆ ಮತ್ತು ಕ್ಲಾಡ್ ಅಲೆಗ್ರ್ ಇಲ್ಲಿನ ಬಸಾಲ್ಟ್‌ಗಳ ಸೀಸ ಮತ್ತು ಸ್ಟ್ರಾನ್ಷಿಯಂ ಐಸೊಟೋಪುಗಳನ್ನು ಅಳೆದು, ಇವು ಪೆಸಿಫಿಕ್, ಉತ್ತರ ಅಟ್ಲಾಂಟಿಕ್‌ಗಳಿಗಿಂತ ಬೇರೆ ಎಂದು ಕಂಡರು. ಮರುವರ್ಷ ಸ್ಟ್ಯಾನ್ಲಿ ಹಾರ್ಟ್ ಇಬ್ಬರ ಹೆಸರನ್ನೂ ಕೂಡಿಸಿ ಅದನ್ನು ‘ಡ್ಯೂಪಾಲ್’ ಎಂದು ಕರೆದರು. ಥೋರಿಯಂ ಕ್ಷಯಿಸಿ ಹುಟ್ಟುವ ಸೀಸ-208 ಇಲ್ಲಿ ನಿರೀಕ್ಷೆಗಿಂತ ಹೆಚ್ಚು. ಯುರೇನಿಯಂ ಕಳೆದುಕೊಂಡು ಥೋರಿಯಂ ಉಳಿಸಿಕೊಂಡ ಕಲ್ಲು ಬಹುಕಾಲ ಎಲ್ಲೋ ಕುಳಿತಿದ್ದಿರಬೇಕು. ಖಂಡಗಳ ಕೆಳಚಿಪ್ಪು ಅಂಥ ಕಲ್ಲು. ಗೊಂಡ್ವಾನ ಎಂಬ ಹಳೆಯ ಮಹಾಖಂಡ ಒಡೆಯುವಾಗ ಅದರ ಅಡಿಯ ಪದರಗಳು ಕಳಚಿ ಮ್ಯಾಂಟಲಿಗೆ ಬಿದ್ದು ಬೆರೆತವು ಎಂಬುದು ಒಂದು ಗಟ್ಟಿ ವಾದ. ಹಳೆಯ ಕಾಲದಲ್ಲಿ ಒಳಸರಿದ ಕಡಲ ಕೆಸರೇ ಕಾರಣ ಎಂಬುದು ಇನ್ನೊಂದು. ನನಗೆ ಮೊದಲನೆಯದೇ ಹೆಚ್ಚು ಒಪ್ಪುತ್ತದೆ. ಹಾಗಿದ್ದರೆ ಕಣಿವೆಯಲ್ಲಿ ನೀವು ಮುರಿದ ಕಪ್ಪು ಗಾಜಿನೊಳಗೆ ಗೊಂಡ್ವಾನದ ಅಂಶವೊಂದು ಇದೆ. ಮಡಗಾಸ್ಕರನ್ನೂ ನಮ್ಮ ಕರಾವಳಿಯನ್ನೂ ಒಂದಾಗಿ ಹೊತ್ತಿದ್ದ ಖಂಡದ ಅಡಿಪಾಯ ಕರಗಿ, ಈಗ ಕಡಲ ತಳವಾಗಿ ಬರುತ್ತಿದೆ.

ಈ ಕಣಿವೆಗೆ ಇನ್ನು ಜನಸಂಚಾರ ಹೆಚ್ಚಲಿದೆ. 2003ರಲ್ಲಿ ಬ್ರಿಟಿಷ್ ಹಡಗೊಂದು ಇಲ್ಲಿನ ನೀರಿನಲ್ಲಿ ಎಪ್ಪತ್ತು ಕಿಲೋಮೀಟರ್ ಉದ್ದದ ಬಿಸಿನೀರಿನ ಮೋಡವನ್ನು ಕಂಡಿತ್ತು. ನಿಧಾನದ ಏಣಿನಲ್ಲಿ ಒಂದೇ ಸ್ತರಭಂಗ ಬಹುಕಾಲ ತೆರೆದಿರುವುದರಿಂದ ಬಿಸಿನೀರಿನ ಬುಗ್ಗೆಗಳೂ ಬಹುಕಾಲ ಹರಿದು, ತಾಮ್ರ, ಸತುವಿನ ಸಲ್ಫೈಡುಗಳನ್ನು ದೊಡ್ಡದಾಗಿ ಗುಡ್ಡೆ ಹಾಕುತ್ತವೆ. 2025ರ ಸೆಪ್ಟೆಂಬರಿನಲ್ಲಿ ಅಂತರರಾಷ್ಟ್ರೀಯ ಸಾಗರತಳ ಪ್ರಾಧಿಕಾರ ಕಾರ್ಲ್ಸ್‌ಬರ್ಗ್ ಏಣಿನ 10,000 ಚದರ ಕಿಲೋಮೀಟರಿನಲ್ಲಿ ಅವನ್ನು ಹುಡುಕುವ ಹಕ್ಕನ್ನು ಭಾರತಕ್ಕೆ ಕೊಟ್ಟಿತು. ಇದೇ ಸಾಗರದ ಬುಗ್ಗೆಗಳ ಬಳಿ ಕಬ್ಬಿಣದ ಸಲ್ಫೈಡಿನ ಚಿಪ್ಪುಗಳನ್ನು ಕಾಲಿಗೆ ಹೊದ್ದ ಬಸವನಹುಳು ಬದುಕಿದೆ. ಆಳಗಡಲ ಗಣಿಗಾರಿಕೆಯ ಭೀತಿಯಿಂದಲೇ 2019ರಲ್ಲಿ ಅದು ಅಳಿವಿನಂಚಿನ ಜೀವಿಗಳ ಕೆಂಪುಪಟ್ಟಿ ಸೇರಿತು. ಅಗೆಯುವ ಮಾತು ಬರುವುದಕ್ಕೆ ಬಹಳ ಮೊದಲೇ ಅಲ್ಲಿನ ಕಲ್ಲನ್ನೂ ಜೀವವನ್ನೂ ಪೂರ್ತಿ ಓದಿ ಮುಗಿಸಬೇಕು. ಸಲ್ಫೈಡ್ ಹುಡುಕಿಹೋದ ಹಡಗಿನ ಬುಟ್ಟಿಯಲ್ಲಿ ಲೋಹವಿಲ್ಲದ ಕಡುಹಸಿರು ಕಲ್ಲುಗಳೂ ಬರುತ್ತವೆ. ಅವನ್ನು ಯಾರೂ ನೀರಿಗೆ ಎಸೆಯಬಾರದು. ಮಟ್ಟುವಿನಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದ ಕೊಣಾಜೆಯಲ್ಲಿ, ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ, ಸಾಗರ ಭೂವಿಜ್ಞಾನ ವಿಭಾಗವಿದೆ. ಅಲ್ಲಿನ ಹುಡುಗ ಹುಡುಗಿಯರ ಸೂಕ್ಷ್ಮದರ್ಶಕದ ಅಡಿಗೆ ಆ ಕಲ್ಲಿನ ಒಂದೊಂದು ಚೂರು ಬರಲಿ. ಅದರ ಸ್ಪಿನೆಲ್‌ನಲ್ಲಿ ಕ್ರೋಮಿಯಂ ಎಷ್ಟಿದೆ ಎಂದು ಅವರೇ ಅಳೆಯಲಿ.